ಮುಚ್ಚಳದೊಳಗಿನ ಸತ್ಯ

ಮಾರುವವನ ಕೈಯಲ್ಲಿರುವ ವಸ್ತು ಒಂದು, ಕೊಳ್ಳುವವನ ಮನಸ್ಸಿನಲ್ಲಿರುವ ವಸ್ತು ಇನ್ನೊಂದು. ಇವೆರಡೂ ಒಂದೇ ಆಗಿರುವಂತೆ ನೋಡಿಕೊಳ್ಳುವುದೇ ವ್ಯಾಪಾರಧರ್ಮದ ತಿರುಳು. ಧಾನ್ಯ, ತುಪ್ಪ, ಬಂಗಾರಗಳ ವಿಷಯದಲ್ಲಿ ಈ ಮಾತು ಎಲ್ಲರಿಗೂ ಒಡನೆ ಮನವರಿಕೆಯಾಗುತ್ತದೆ. ಆದರೆ ವಸ್ತುವಿನ ಸತ್ವವು ಮುಚ್ಚಳದೊಳಗೆ ಅಡಗಿದ್ದು, ಮಾರುವವನೂ ಅದನ್ನು ತೆರೆದು ನೋಡದೆ ಇದ್ದಾಗ, ಸತ್ಯದ ಹೊಣೆ ಯಾರದು? ಈ ಪ್ರಶ್ನೆಯ ವಿಚಾರಕ್ಕೆ ಬೆಲೆಬಾಳುವ ಹಳೆಯ ಕೈಗಡಿಯಾರವು ತಕ್ಕ ನಿದರ್ಶನವಾಗಿದೆ.

ಸ್ವಿಟ್ಜರ್ಲೆಂಡಿನ ಒಮೆಗಾ ಸಂಸ್ಥೆಯು 1957ರಲ್ಲಿ ಸ್ಪೀಡ್‌ಮಾಸ್ಟರ್ ಎಂಬ ಕೈಗಡಿಯಾರವನ್ನು ಹೊರತಂದಿತು. ವೇಳೆಯನ್ನು ತೋರಿಸುವುದರ ಜೊತೆಗೆ, ಗುಂಡಿ ಒತ್ತಿ ಒಂದು ಕಾರ್ಯದ ಅವಧಿಯನ್ನು ಅಳೆಯುವ ಸೌಕರ್ಯವೂ ಅದರಲ್ಲಿತ್ತು. 1969ರ ಜುಲೈಯಲ್ಲಿ ಆಲ್ಡ್ರಿನ್ ಚಂದ್ರನ ಮೇಲೆ ನಡೆದಾಗ ಧರಿಸಿದ್ದುದು ಇದೇ ಮಾದರಿಯ ಗಡಿಯಾರವನ್ನು. ಮೊದಲ ವರ್ಷಗಳಲ್ಲಿ ಇದರೊಳಗೆ ಕ್ಯಾಲಿಬರ್ 321 ಎಂಬ ಯಂತ್ರವಿತ್ತು. 1968ರಲ್ಲಿ ಅದರ ಸ್ಥಾನಕ್ಕೆ ಕ್ಯಾಲಿಬರ್ 861 ಬಂದಿತು. ಹೊರಗಿನ ರೂಪ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಎರಡೂ ಯಂತ್ರಗಳ ಅಡ್ಡಳತೆ 27 ಮಿಲಿಮೀಟರ್. ಸಂಗ್ರಾಹಕರು 321 ಇರುವ ಗಡಿಯಾರಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ರೂಪ ಒಂದೇ ಆಗಿ ಬೆಲೆ ಬೇರೆಯಾದಲ್ಲಿ ಲೋಭಕ್ಕೆ ದಾರಿ ತೆರೆದಂತೆಯೇ ಸರಿ.

ಹಾಗಾದರೆ ಯಂತ್ರವನ್ನು ಗುರುತಿಸುವುದು ಹೇಗೆ? ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಮಾದರಿಯ ಸಂಖ್ಯೆ ಇರುತ್ತದೆ. ಅಲ್ಲಿ 145.012 ಎಂದಿದ್ದರೆ ಒಳಗೆ 321 ಇರಬೇಕು, 145.022 ಎಂದಿದ್ದರೆ ಸಾಮಾನ್ಯವಾಗಿ 861. ಯಂತ್ರದ ಬಣ್ಣವನ್ನು ನಂಬುವಂತಿಲ್ಲ. 321ಕ್ಕೂ ಮೊದಮೊದಲ 861ಕ್ಕೂ ತಾಮ್ರವರ್ಣದ ಲೇಪವೇ ಇದೆ. ರಚನೆಯನ್ನು ನೋಡಬೇಕು. 321ರಲ್ಲಿ ಅವಧಿ ಅಳೆಯುವ ಭಾಗವನ್ನು ನಡೆಸುವುದು ಕಾಲಂ ವೀಲ್, ಎಂದರೆ ಕೋಟೆಯ ತೆನೆಗಳಂತೆ ಸಣ್ಣ ಕಂಬಗಳು ಎದ್ದು ನಿಂತ ಒಂದು ಚಕ್ರ. 861ರಲ್ಲಿ ಆ ಚಕ್ರವಿಲ್ಲ. ಅದೇ ಕೆಲಸವನ್ನು ಚಪ್ಪಟೆಯಾದ ಕ್ಯಾಮ್ ಮಾಡುತ್ತದೆ. ಬಡಿತವೂ ಬೇರೆ: 321 ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ ಬಡಿಯುತ್ತದೆ, 861 ಗಂಟೆಗೆ 21,600 ಸಲ, ಸೆಕೆಂಡಿಗೆ 6 ಸಲ. ಬಲ್ಲವರು ಭೂತಗನ್ನಡಿ ಹಿಡಿದರೆ ಕ್ಷಣದಲ್ಲಿ ನಿರ್ಣಯವಾಗುತ್ತದೆ.

ಆದರೆ ಕ್ಯಾಲಿಬರ್ ಸರಿಯಾಗಿದ್ದ ಮಾತ್ರಕ್ಕೆ ವಿಚಾರ ಮುಗಿಯುವುದಿಲ್ಲ. 321 ಯಂತ್ರವನ್ನು ಒಮೆಗಾ ತನ್ನ ಸೀಮಾಸ್ಟರ್ ಹೆಸರಿನ ಕೆಲವು ಗಡಿಯಾರಗಳಲ್ಲಿಯೂ ಬಳಸಿತ್ತು. ಅಂಥದರಿಂದ ಕಿತ್ತ ಯಂತ್ರವನ್ನು ಸ್ಪೀಡ್‌ಮಾಸ್ಟರ್ ಕವಚದಲ್ಲಿ ಕೂರಿಸಿದರೆ ಕ್ಯಾಲಿಬರ್ ನಿಜ, ಆದರೆ ಅದು ಆ ಕವಚದೊಡನೆ ಹುಟ್ಟಿದ ಯಂತ್ರವಲ್ಲ. ಆದ್ದರಿಂದಲೇ ಯಂತ್ರದ ಮೇಲೆ ಕೊರೆದ ಕ್ರಮಸಂಖ್ಯೆಯನ್ನು ಓದಿ, ಅದು ಆ ಮಾದರಿಗೂ ಆ ವರ್ಷಗಳಿಗೂ ಹೊಂದುವುದೇ ಎಂದು ತಾಳೆ ನೋಡುವುದು ಅವಶ್ಯಕ.

ಇಲ್ಲೊಂದು ಆಕ್ಷೇಪ ಹುಟ್ಟುತ್ತದೆ. ಯಂತ್ರವು ಕೆಟ್ಟಾಗ ಬದಲಾಯಿಸುವುದು ದೋಷವೇ? ಖಂಡಿತ ಅಲ್ಲ. ರಿಪೇರಿಯವನು ಒಡೆಯನ ಉಪಯೋಗಕ್ಕಾಗಿ ಬೇರೆ ಯಂತ್ರ ಹಾಕಿಕೊಟ್ಟರೆ ಅವನು ಒಳ್ಳೆಯ ಕೆಲಸವನ್ನೇ ಮಾಡಿದ್ದಾನೆ. ವೇಳೆ ತಿಳಿಯುವ ಸಾಧನವೆಂಬ ದೃಷ್ಟಿಯಿಂದ ಆ ಗಡಿಯಾರ ನಿಜವಾದುದು. ಇಂಥ ಇಸವಿಯಲ್ಲಿ ಹೀಗೆಯೇ ತಯಾರಾದುದು ಎಂಬ ದೃಷ್ಟಿಯಿಂದ ನಿಜವಲ್ಲ. ಎರಡು ದೃಷ್ಟಿಗಳಿಗೂ ಅವಕಾಶವುಂಟು. ಆದರೆ ಮೊದಲನೆಯ ದೃಷ್ಟಿಯಿಂದ ಮಾತನಾಡಿ ಎರಡನೆಯ ದೃಷ್ಟಿಯ ಬೆಲೆಯನ್ನು ಪಡೆಯುವುದು ಅನೇಕಾಂತವಲ್ಲ, ಕಪಟ. ಸಂಗ್ರಾಹಕನು ಹಣ ಕೊಡುವುದು ವೇಳೆಗಾಗಿ ಅಲ್ಲ, ಇತಿಹಾಸಕ್ಕಾಗಿ. ಯಾವುದಕ್ಕೆ ಹಣ ಪಡೆಯಲಾಯಿತೋ ಅದನ್ನೇ ಕೊಡಬೇಕು.

ಈ ಅಪಾಯವು ಊಹೆಯ ಮಾತಲ್ಲ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ ಮೊದಲ ತಲೆಮಾರಿನ ಒಂದು ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಮಿಕ್ಕ ಬೆಲೆಗೆ ಹೋಯಿತು. ಕೊಂಡದ್ದು ಒಮೆಗಾ ಸಂಸ್ಥೆಯೇ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. ಅದು ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಸೇರಿಸಿ ಜೋಡಿಸಿದ್ದೆಂದೂ, ಅದರಲ್ಲಿ ತನ್ನ ಹಿಂದಿನ ನೌಕರರ ಕೈವಾಡವಿತ್ತೆಂದೂ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ತಯಾರಿಸಿದವರನ್ನೇ ಮೋಸಗೊಳಿಸಬಲ್ಲ ಜೋಡಣೆಯ ಮುಂದೆ ಸಾಮಾನ್ಯ ಗ್ರಾಹಕನ ಪಾಡೇನು?

ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ಪ್ರತಿರೂಪಕ ವ್ಯವಹಾರವನ್ನೂ, ಸಮಂತಭದ್ರಾಚಾರ್ಯರು ಸದೃಶಸನ್ಮಿಶ್ರವನ್ನೂ ಎಣಿಸಿದ್ದಾರೆ. ಒಂದರಂತೆ ತೋರುವ ಇನ್ನೊಂದನ್ನು ಬೆರೆಸಿ ಅಥವಾ ಬದಲಿಸಿ ಮಾರುವುದೇ ಇವುಗಳ ಅರ್ಥ. ಗಮನಿಸಬೇಕಾದ ಸಂಗತಿಯೆಂದರೆ, ಇವುಗಳನ್ನು ಸೇರಿಸಿರುವುದು ಕಳ್ಳತನದ ಪ್ರಕರಣದಲ್ಲಿ. ಬೀಗ ಒಡೆಯದೆ, ನಗುಮುಖದಿಂದ, ರಸೀದಿ ಕೊಟ್ಟು ಮಾಡಿದರೂ ಅದು ಪರರ ಹಣವನ್ನು ಅಪಹರಿಸಿದಂತೆಯೇ.

ತೀರಿಕೊಂಡ ತಂದೆಯ ಗಡಿಯಾರವನ್ನು ಮಕ್ಕಳು ಮಾರಲು ತೆಗೆದರೆನ್ನಿ. ಒಳಗಿನ ಯಂತ್ರ ಎಂದೋ ಬದಲಾಗಿದೆ, ಅವರಿಗೆ ತಿಳಿಯದು. ಅವರಲ್ಲಿ ಕಪಟವಿಲ್ಲ, ನಿಜ. ಆದರೆ ಮುಚ್ಚಳ ತೆರೆಸಿ ನೋಡುವಂತೆ ಒಬ್ಬರು ಸಲಹೆ ಕೊಟ್ಟ ಮೇಲೂ, ತೆರೆದರೆ ಬೆಲೆ ಇಳಿಯಬಹುದೆಂಬ ಅಳುಕಿನಿಂದ ಸುಮ್ಮನಿದ್ದರೆ, ಆ ಕ್ಷಣದಿಂದ ಅವರ ಅಜ್ಞಾನವು ಅಜ್ಞಾನವಲ್ಲ, ಆಯ್ಕೆ. ತಿಳಿಯಲು ಸಾಧ್ಯವಿದ್ದುದನ್ನು ಲಾಭಕ್ಕಾಗಿ ತಿಳಿಯದೆ ಉಳಿಯುವವನಿಗೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ರಕ್ಷಣೆಯಾಗದು. ದಾನವಾಗಿ ಬಂದ ಇಂಥ ವಸ್ತುವನ್ನು ವಿಲೇವಾರಿ ಮಾಡುವ ಟ್ರಸ್ಟುಗಳಿಗೂ ಇದೇ ನಿಯಮ. ಸತ್ಕಾರ್ಯಕ್ಕೆ ಹೋಗುವ ಹಣವೆಂಬ ಕಾರಣದಿಂದ ಪರೀಕ್ಷೆಯನ್ನು ಬಿಡಲಾಗದು. ಬದಲಾಗಿ ಅಲ್ಲಿ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗಿರಬೇಕು.

ಮಾಡಬೇಕಾದುದು ಕಷ್ಟವೇನಲ್ಲ. ಬಲ್ಲವರಿಂದ ಮುಚ್ಚಳ ತೆರೆಸುವುದು, ಮಾದರಿಯ ಸಂಖ್ಯೆ, ಕ್ಯಾಲಿಬರ್, ಕ್ರಮಸಂಖ್ಯೆ ಮೂರನ್ನೂ ಬರೆದಿಡುವುದು, ಬದಲಾದ ಭಾಗವಿದ್ದರೆ ‘ಬದಲಾಗಿದೆ’ ಎಂದು ರಸೀದಿಯಲ್ಲಿಯೇ ಕಾಣಿಸುವುದು. ಹಾಗೆ ಹೇಳಿ ಮಾರಿದ ಗಡಿಯಾರ ಕಡಿಮೆ ಬೆಲೆಯದಾಗಬಹುದು, ಸುಳ್ಳು ಗಡಿಯಾರವಾಗದು. ಬದಲಾದ ಯಂತ್ರದಲ್ಲಿ ದೋಷವಿಲ್ಲ. ಅದನ್ನು ಬಚ್ಚಿಟ್ಟ ಮೌನದಲ್ಲಿದೆ. ಆ ಮೌನದಿಂದ ಬಂದ ಲಾಭವು ಲೆಕ್ಕದ ಪುಸ್ತಕದಲ್ಲಿ ಜಮಾ ಆಗಿ ಕಂಡರೂ, ಸಜ್ಜನನಾದ ವರ್ತಕನು ಅದನ್ನು ತೀರಿಸಬೇಕಾದ ಸಾಲವೆಂದೇ ಬಗೆಯಬೇಕು.