ತನ್ನ ಅಂತ್ಯಸಂಸ್ಕಾರವನ್ನು ತಾನೇ ನಿಶ್ಚಯಿಸುವುದು

ಸತ್ತ ಮೇಲೆ ತನ್ನ ದೇಹಕ್ಕೆ ಏನು ಮಾಡಬೇಕೆಂದು ಬದುಕಿರುವಾಗಲೇ ಹೇಳಿಡುವುದು ಹೊಸ ಕಾಲದ ಯೋಚನೆಯಲ್ಲ. ಸನ್ಯಾಸ ಸ್ವೀಕರಿಸುವವನು ದೀಕ್ಷೆಗೆ ಮುನ್ನ ಎಂಟು ಶ್ರಾದ್ಧಗಳನ್ನು ಮಾಡುತ್ತಾನೆ. ಅವುಗಳಲ್ಲಿ ಕೊನೆಯದು ಆತ್ಮಶ್ರಾದ್ಧ, ತನಗೆ ತಾನೇ ಪಿಂಡವಿಡುವ ಕ್ರಿಯೆ. ಬದುಕಿರುವವನು ತನ್ನ ಶ್ರಾದ್ಧವನ್ನು ತಾನೇ ಪೂರೈಸುವ ಜೀವಚ್ಛ್ರಾದ್ಧದ ವಿಧಿಯನ್ನು ಲಿಂಗಪುರಾಣವೂ ವಿವರಿಸುತ್ತದೆ. ಮನೆಯಲ್ಲಿ ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವ ರೂಢಿ ಎಷ್ಟೇ ಬಲವಾಗಿದ್ದರೂ, ಶಾಸ್ತ್ರಕ್ಕೆ ಆ ಅಂಜಿಕೆ ಇರಲಿಲ್ಲ.

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಸಂಸ್ಕಾರ ಯಾರಿಗಾಗಿ ಎಂಬುದು. ವೈದಿಕ ಕ್ರಮದಲ್ಲಿ ಅದು ಸತ್ತವರಿಗಾಗಿ: ಸಪಿಂಡೀಕರಣದಿಂದ ಪ್ರೇತತ್ವ ಕಳೆದು ಜೀವ ಪಿತೃಗಳ ಸಾಲು ಸೇರುತ್ತದೆ. ಇದನ್ನು ಚಾರ್ವಾಕರು ಒಪ್ಪಲಿಲ್ಲ. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ ಅವರ ಆಕ್ಷೇಪವನ್ನು ದಾಖಲಿಸಿದೆ. ಇಲ್ಲಿ ಇಟ್ಟ ಅನ್ನ ಸತ್ತವರನ್ನು ತಣಿಸುವುದಾದರೆ, ಪ್ರಯಾಣ ಹೊರಟವರಿಗೆ ಬುತ್ತಿ ಕಟ್ಟಬೇಕಾಗಿಯೇ ಇರಲಿಲ್ಲ ಎಂಬುದು ಅವರ ವಾದ. ಅದನ್ನು ಒಪ್ಪಿದರೆ ಸಂಸ್ಕಾರ ಉಳಿದವರದ್ದೇ ಆಗುತ್ತದೆ. ಆಗ, ಇಲ್ಲದವರ ಇಚ್ಛೆಗೆ ಇರುವವರು ಏಕೆ ತಲೆಬಾಗಬೇಕು?

ಪ್ಲೇಟೋನ ‘ಫೀಡೋ’ದಲ್ಲಿ ಇದಕ್ಕೊಂದು ಉತ್ತರ ಸಿಗುತ್ತದೆ. ಹೇಗೆ ಮಣ್ಣು ಮಾಡೋಣ ಎಂದು ಗೆಳೆಯ ಕ್ರೀಟೋ ಕೇಳಿದಾಗ, ನಿಮಗೆ ತೋಚಿದಂತೆ ಮಾಡಿ ಎಂದು ಸಾಕ್ರೆಟಿಸ್ ಬಿಟ್ಟುಬಿಡುತ್ತಾನೆ. ಆದರೆ ವಿಷ ಕುಡಿಯುವ ಮುನ್ನ ತಾನೇ ಸ್ನಾನ ಮುಗಿಸುತ್ತಾನೆ. ಹೆಂಗಸರಿಗೆ ಹೆಣ ತೊಳೆಯುವ ಶ್ರಮ ಬೇಡ ಎಂಬುದು ಅವನು ಕೊಡುವ ಕಾರಣ. ಸಾಯುವವರು ಮಾಡಿಡಬೇಕಾದ ವ್ಯವಸ್ಥೆಯ ತಿರುಳು ಇಲ್ಲಿದೆ. ಅದು ದೇಹದ ಮೇಲಿನ ಹಕ್ಕು ಸ್ಥಾಪಿಸುವುದಲ್ಲ, ಉಳಿಯುವವರ ಹೊರೆ ಇಳಿಸುವುದು.

ಕಾನೂನಿನ ನಿಲುವೂ ಇದಕ್ಕೆ ದೂರವಲ್ಲ. ಹೆಣ ಯಾರ ಆಸ್ತಿಯೂ ಅಲ್ಲ, ಆದ್ದರಿಂದ ಅದರ ಬಗ್ಗೆ ಉಯಿಲಿನಲ್ಲಿ ಬರೆದ ನಿರ್ದೇಶನ ಜಾರಿಗೆ ತರುವಂಥದ್ದಲ್ಲ ಎಂದು ಇಂಗ್ಲೆಂಡಿನ ನ್ಯಾಯಾಲಯ 1882ರಲ್ಲಿ ವಿಲಿಯಮ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಭಾರತೀಯ ಉತ್ತರಾಧಿಕಾರ ಕಾಯ್ದೆ 1925, ಅಂತ್ಯಕ್ರಿಯೆಯ ಯುಕ್ತ ವೆಚ್ಚವನ್ನು ಸಾಲಗಳಿಗಿಂತ ಮೊದಲು ತೀರಿಸಬೇಕೆನ್ನುತ್ತದೆ. ದೇಹದಾನಕ್ಕೆ ಕರ್ನಾಟಕದಲ್ಲಿ 1957ರ ಅಂಗರಚನಾಶಾಸ್ತ್ರ ಕಾಯ್ದೆಯ ಆಧಾರವಿದೆ. ಆದರೂ ಮನೆಯವರು ಒಪ್ಪದಿದ್ದರೆ ವೈದ್ಯಕೀಯ ಕಾಲೇಜುಗಳು ಸಾಮಾನ್ಯವಾಗಿ ದೇಹ ಪಡೆಯಲು ಮುಂದಾಗುವುದಿಲ್ಲ. ಒಟ್ಟಿನಲ್ಲಿ ಸತ್ತವರ ಇಚ್ಛೆ ನಡೆಯುವುದು ಕಾನೂನಿನ ಬಲದಿಂದಲ್ಲ, ಉಳಿದವರು ಮಾತು ಉಳಿಸಿಕೊಳ್ಳುವುದರಿಂದ.

ಹಾಗೆ ಉಳಿಸಿಕೊಂಡ ಮಾತಿಗೆ ನಾಡಿನಲ್ಲಿ ದೊಡ್ಡ ನಿದರ್ಶನ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳದು. 2014ರ ಗುರುಪೂರ್ಣಿಮೆಯಂದೇ ಅವರು ಪತ್ರ ಬರೆದಿಟ್ಟಿದ್ದರು: ದೇಹವನ್ನು ಮಣ್ಣಿನಲ್ಲಿ ಇಡದೆ ಅಗ್ನಿಗೆ ಕೊಡಬೇಕು, ಶ್ರಾದ್ಧವಿಧಿಗಳು ಬೇಡ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು. ಸ್ವಾಮಿಗಳನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡಿ, ಅದರ ಮೇಲೆ ಗದ್ದುಗೆ ಕಟ್ಟಿ ಪೂಜಿಸುವುದು ಲಿಂಗಾಯತ ಮಠಗಳ ರೂಢಿ. ಆ ರೂಢಿಯ ನಡುವೆ, ಲಕ್ಷಾಂತರ ಭಕ್ತರ ಎದುರು, 2023ರ ಜನವರಿ 3ರಂದು ಆಶ್ರಮದ ಆವರಣದಲ್ಲೇ ದಹನ ನಡೆಯಿತು. ಬರೆದಿಟ್ಟ ಪತ್ರ ಇಲ್ಲದಿದ್ದರೆ ಅಷ್ಟು ಭಕ್ತಿಯ ಒತ್ತಡವನ್ನು ಶಿಷ್ಯರು ಎದುರಿಸುವುದು ಕಷ್ಟವಿತ್ತು. 2019ರ ಜೂನ್ 10ರಂದು ತೀರಿಕೊಂಡ ಗಿರೀಶ ಕಾರ್ನಾಡರೂ ಸರ್ಕಾರಿ ಗೌರವ, ಸಾರ್ವಜನಿಕ ದರ್ಶನ, ಧಾರ್ಮಿಕ ವಿಧಿ ಯಾವುದೂ ಬೇಡವೆಂದಿದ್ದರು. ಬೆಂಗಳೂರಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಹಾಗೆಯೇ ಆಯಿತು. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ 2008ರಲ್ಲಿ ನಿಧನರಾದಾಗ ಅವರ ದೇಹ ದಾನವಾಯಿತು. ಎರಡು ವರ್ಷಗಳ ನಂತರ ಅಂಗರಚನಾಶಾಸ್ತ್ರದ ಅಧ್ಯಾಪಕನಾಗಿದ್ದ ಮಗನೇ ಬೆಳಗಾವಿಯಲ್ಲಿ ಅದನ್ನು ಛೇದಿಸಿ ಪಾಠ ಹೇಳಿದರು. ಪಿತೃಋಣ ತೀರಿಸುವುದಕ್ಕೆ ಇದಕ್ಕಿಂತ ಕಠಿಣವಾದ ದಾರಿ ಇರಲಾರದು.

ಇಚ್ಛೆಗೂ ಒಂದು ಮಿತಿ ಬೇಕು. ಮೂರನೆಯ ದಿನ ಹಾಲುತುಪ್ಪ ಬಿಡುವುದು, ಹನ್ನೊಂದನೆಯ ದಿನದ ಕರ್ಮ, ತಿಥಿಯ ಊಟ ಇವೆಲ್ಲ ದುಃಖಕ್ಕೆ ಒಂದು ದಾರಿ ಮಾಡಿಕೊಡುತ್ತವೆ. ‘ಏನನ್ನೂ ಮಾಡಬೇಡಿ’ ಎಂದು ಕಟ್ಟಾಜ್ಞೆ ಹೊರಡಿಸಿದರೆ, ನಂಬಿಕೆಯುಳ್ಳ ಹೆಂಡತಿಯೋ ತಾಯಿಯೋ ಜೀವನಪೂರ್ತಿ ಕೊರಗಬೇಕಾದೀತು. ಇನ್ನೊಂದೆಡೆ, ‘ಜನ ಏನಂದಾರು’ ಎಂದು ಅಂಜಿ ಬಡ ಮಕ್ಕಳು ಸಾಲ ಮಾಡಿ ಊರಿಗೆಲ್ಲ ಊಟ ಹಾಕುವುದು ಸತ್ತವರಿಗೂ ಒಪ್ಪುವ ಸಂಗತಿಯಲ್ಲ. ತನಗಾಗಿ ಸಾಲ ಮಾಡಕೂಡದು ಎಂದು ಹಿರಿಯರು ಬಾಯಿಬಿಟ್ಟು ಹೇಳಿದ್ದರೆ ಮಕ್ಕಳಿಗೆ ಅದೇ ರಕ್ಷೆ. ಖರ್ಚನ್ನು ತಡೆಯುವ ಮಾತಿಗೆ ಪೂರ್ತಿ ತೂಕವಿರಲಿ. ದುಃಖ ತೋಡಿಕೊಳ್ಳುವ ರೀತಿಯನ್ನು ಉಳಿದವರಿಗೇ ಬಿಡುವುದು ನ್ಯಾಯ.

ಬರೆದಿಡಬೇಕಾದ್ದು ಹೆಚ್ಚಿಲ್ಲ. ಸುಡುವುದೋ, ಹೂಳುವುದೋ, ದಾನವೋ. ವಿಧಿ ಯಾರಿಂದ, ಎಷ್ಟರ ಮಟ್ಟಿಗೆ. ಖರ್ಚಿನ ಹಣ ಎಲ್ಲಿದೆ. ದೂರದೇಶದಲ್ಲಿರುವ ಮಗನಿಗೋ ಮಗಳಿಗೋ ಕಾಯಬೇಕೇ, ಬೇಡವೇ. ಬೇರೆ ಬೇರೆ ಊರುಗಳಲ್ಲಿ ಚದುರಿಹೋದ ಕುಟುಂಬಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಈ ಕೊನೆಯ ಪ್ರಶ್ನೆಯ ಮೇಲೆ. ಈ ಮಾತುಗಳನ್ನು ಉಯಿಲಿನಲ್ಲಿ ಮಾತ್ರ ಬರೆದು ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ಉಯಿಲು ತೆರೆಯುವುದು ಸಾಮಾನ್ಯವಾಗಿ ಕರ್ಮಗಳೆಲ್ಲ ಮುಗಿದ ಮೇಲೆ. ದಾನ ಮಾಡುವ ಕಣ್ಣುಗಳನ್ನಾದರೋ ಸಾವಿನ ನಂತರ ಆರು ಗಂಟೆಯೊಳಗೆ ತೆಗೆಯಬೇಕು. ಆದ್ದರಿಂದ ಮನೆಯವರನ್ನು ಕೂರಿಸಿಕೊಂಡು ಈಗಲೇ ಹೇಳಿ, ಒಂದು ಪ್ರತಿಯನ್ನು ಅವರ ಕೈಗೇ ಕೊಡಬೇಕು.