ದೇಶವ್ರತವೂ ಮನೆಯಿಂದಲೇ ಮಾಡುವ ಉದ್ಯೋಗವೂ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂತಹ ಗ್ರಾಮದಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ನಿತ್ಯಕಾರ್ಯವನ್ನು ನಿರ್ವಹಿಸುವುದು 2020ರ ಮಾರ್ಚ್ ತಿಂಗಳ ಲಾಕ್‌ಡೌನಿನ ತರುವಾಯ ಅನೇಕರಿಗೆ ರೂಢಿಯಾಯಿತು. ಅಂತಹ ಶ್ರಾವಕನೊಬ್ಬನು ಇಂದು ಮನೆಯ ಮೇರೆಯನ್ನು ದಾಟೆನೆಂದು ದೇಶವ್ರತವನ್ನು ಕೈಕೊಂಡನೆನ್ನೋಣ. ಕಾಲು ಹೊಸ್ತಿಲನ್ನು ದಾಟಲಿಲ್ಲ. ಆದರೆ ಗಣಕಯಂತ್ರದ ಮೂಲಕ ಧ್ವನಿ ದಾಟಿತು, ಮುಖಬಿಂಬ ದಾಟಿತು, ಆಜ್ಞೆಯೂ ದಾಟಿತು. ವ್ರತವು ಉಳಿಯಿತೇ?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಈ ವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ: ಮೇರೆಯ ಹೊರಗಿನ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಶಬ್ದದಿಂದ ಸೂಚಿಸುವುದು, ರೂಪವನ್ನು ತೋರುವುದು, ಕಲ್ಲು ಮೊದಲಾದುದನ್ನು ಎಸೆಯುವುದು. ದೇಹವು ಒಳಗಿದ್ದೂ ಇಚ್ಛೆಯು ಹೊರಗೆ ಸಂಚರಿಸಬಲ್ಲುದೆಂಬುದನ್ನು ಆಚಾರ್ಯರು ಅಂದೇ ಕಂಡಿದ್ದರು. ಆದುದರಿಂದ ಮೇಲಿನ ಶ್ರಾವಕನ ವ್ರತವು ಭಂಗವಾಗದಿದ್ದರೂ ಮಲಿನವಾಯಿತೆಂದೇ ಹೇಳಬೇಕು.

ಹಾಗೆಂದು ಜೀವನೋಪಾಯವು ತ್ಯಾಜ್ಯವಲ್ಲ. ದೇಶವ್ರತಕ್ಕೆ ಸ್ಥಳದ ಮೇರೆಯಿರುವಂತೆ ಕಾಲದ ಮೇರೆಯೂ ಉಂಟು. ಕಚೇರಿಯ ವೇಳೆ ಮುಗಿದ ಬಳಿಕ ಗೃಹಸ್ಥನು ಸಂಕಲ್ಪವನ್ನು ಮಾಡಲಿ. ಅಷ್ಟಮಿ, ಚತುರ್ದಶಿಗಳಂದು ದಿನವಿಡೀ ನಡೆಸುವುದಾದರೆ ಮುಂಚಿತವಾಗಿ ರಜೆಯನ್ನು ಬೇಡಲಿ. ಸಂಕಲ್ಪದ ವೇಳೆಯಲ್ಲಿ ಕರೆ ಬಂದರೆ ಓಗೊಡದಿರಲಿ. ಮೇಲಧಿಕಾರಿಯ ಅಸಮಾಧಾನವನ್ನೋ ಒಂದು ದಿನದ ವೇತನದ ನಷ್ಟವನ್ನೋ ಸಹಿಸಬೇಕಾದೀತು. ಅಷ್ಟನ್ನು ಸಹಿಸಲು ಸಿದ್ಧನಿಲ್ಲದವನು ಅಲ್ಪಕಾಲದ ವ್ರತವನ್ನೇ ಕೈಕೊಂಡು ಶುದ್ಧವಾಗಿ ಪಾಲಿಸುವುದು ಶ್ರೇಯಸ್ಕರ.