ಚಿಕಿತ್ಸಕನ ಅಂತರಂಗ

ಮುರಿದ ಮೂಳೆಯನ್ನು ಕೂಡಿಸುವ ವೈದ್ಯನು ಕೋಪಿಷ್ಠನಾಗಿದ್ದರೂ ಮೂಳೆ ಕೂಡಬಲ್ಲುದು. ಗಾಯಕ್ಕೆ ಹಚ್ಚಿದ ಔಷಧವು ಹಚ್ಚಿದವನ ಶೀಲವನ್ನು ವಿಚಾರಿಸುವುದಿಲ್ಲ. ಆದರೆ ನೊಂದವನ ಎದುರಿಗೆ ಕುಳಿತು, ಮಾತಿನಿಂದಲೂ ಮೌನದಿಂದಲೂ ಅವನ ದುಃಖವನ್ನು ಪರಿಹರಿಸಹೊರಟ ಮನಶ್ಚಿಕಿತ್ಸಕನ ವಿಷಯವು ಹಾಗಲ್ಲ. ಅಲ್ಲಿ ಶಸ್ತ್ರವೂ ಅವನೇ, ಔಷಧವೂ ಅವನೇ. ಹೀಗಿರಲು, ತನ್ನ ಮನಸ್ಸನ್ನು ತಾನು ಅರಿಯದವನು ಪರರ ಮನಸ್ಸನ್ನು ಪ್ರವೇಶಿಸುವುದು ಧರ್ಮವೇ? ಪ್ರಶ್ನೆಯು ಹಳೆಯದು, ಮಿದುಳಿನ ಶಾಸ್ತ್ರವು ಈಚಿನ ದಶಕಗಳಲ್ಲಿ ಕಂಡುಕೊಂಡ ಸಂಗತಿಗಳಿಂದ ಅದಕ್ಕೆ ಹೊಸ ತೂಕವು ಬಂದಿದೆ.

ಮಾತು ಮಿದುಳನ್ನು ಮುಟ್ಟುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಎರಿಕ್ ಕ್ಯಾಂಡೆಲ್ ಅವರು ಅಪ್ಲೀಸಿಯಾ ಎಂಬ ಕಡಲಜೀವಿಯನ್ನು ಪರೀಕ್ಷಿಸಿ, ಕಲಿಕೆಯಿಂದ ನರಕೋಶಗಳ ನಡುವಣ ಸಂಧಿಗಳೇ ಮಾರ್ಪಡುತ್ತವೆಂದು ತೋರಿಸಿದರು. 2000ನೆಯ ಇಸವಿಯಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಮಾತಿನ ಚಿಕಿತ್ಸೆಯು ಫಲಿಸುವುದೂ ಮಿದುಳಿನಲ್ಲಿ ಇಂತಹ ಮಾರ್ಪಾಡನ್ನು ಉಂಟುಮಾಡಿಯೇ ಎಂದು ಅವರು 1979ರಷ್ಟು ಹಿಂದೆಯೇ ವಾದಿಸಿದ್ದರು. ಗೀಳು ರೋಗದವರನ್ನು ಕುರಿತು ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪರಿಶೋಧನೆಯು ಇದಕ್ಕೆ ಪುಷ್ಟಿಯನ್ನು ಕೊಟ್ಟಿತು. ಔಷಧದಿಂದ ಗುಣ ಕಂಡವರ ಮಿದುಳಿನ ಒಂದು ಭಾಗದಲ್ಲಿ ಇಳಿದಿದ್ದ ಅತಿಚಟುವಟಿಕೆಯು, ಔಷಧವಿಲ್ಲದೆ ನಡವಳಿಕೆಯ ಚಿಕಿತ್ಸೆಯಿಂದಲೇ ಗುಣ ಕಂಡವರಲ್ಲಿಯೂ ಇಳಿದಿತ್ತು.

ಇನ್ನು, ಮಿದುಳು ಒಂಟಿಯಾಗಿ ಬಾಳುವ ಅಂಗವೇ? 2006ರಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ಮಂದಿ ವಿವಾಹಿತ ಸ್ತ್ರೀಯರನ್ನು ಪರೀಕ್ಷಿಸಿದರು. ಸಣ್ಣ ವಿದ್ಯುದಾಘಾತವಾಗಬಹುದೆಂಬ ಸೂಚನೆಯನ್ನು ಕೊಟ್ಟು, ಆ ಭಯದಲ್ಲಿ ಅವರ ಮಿದುಳಿನ ವ್ಯಾಪಾರವನ್ನು ಯಂತ್ರದಿಂದ ಚಿತ್ರಿಸಿದರು. ಪತಿಯ ಕೈಯನ್ನು ಹಿಡಿದಿದ್ದಾಗ ಭಯದ ಆ ವ್ಯಾಪಾರವು ತಗ್ಗಿತು. ಅಪರಿಚಿತನ ಕೈಯಿಂದಲೂ ತುಸು ತಗ್ಗಿತು. ದಾಂಪತ್ಯವು ಸೊಗಸಾಗಿದ್ದಷ್ಟೂ ಪತಿಯ ಕೈಯಿಂದ ಶಮನವು ಹೆಚ್ಚಾಯಿತು. ಒಬ್ಬರ ಸನ್ನಿಧಿಯು ಮತ್ತೊಬ್ಬರ ಮಿದುಳಿನ ಭಾರವನ್ನು ಹೊರುತ್ತದೆಂಬುದು ಕವಿಯ ಉತ್ಪ್ರೇಕ್ಷೆಯಲ್ಲ, ಕಂಡ ಸಂಗತಿ.

ಆದರೆ ಸಾಂತ್ವನವು ಹರಿಯುವ ಕಾಲುವೆಯಲ್ಲಿಯೇ ವಿಷವೂ ಹರಿಯಬಲ್ಲುದು. ಬಾಲ್ಯದಲ್ಲಿ ತಂದೆಯ ಕೋಪಕ್ಕೆ ನಡುಗುತ್ತಿದ್ದವನೊಬ್ಬನು ಚಿಕಿತ್ಸಕನಾದನೆನ್ನೋಣ. ರೋಗಿಯ ಕೋಪವು ತಲೆಯೆತ್ತಿದೊಡನೆ ಅವನು ತನಗರಿವಿಲ್ಲದೆ ಮಾತನ್ನು ಬೇರೆಡೆಗೆ ತಿರುಗಿಸುತ್ತಾನೆ. ತನ್ನ ಕೋಪವನ್ನು ಯಾರೂ ತಾಳಲಾರರೆಂಬ ಪಾಠವನ್ನೇ ರೋಗಿಯು ಅಲ್ಲಿಯೂ ಕಲಿಯುತ್ತಾನೆ. ಚಿಕಿತ್ಸೆಯ ಹೆಸರಿನಲ್ಲಿ ರೋಗವು ಬೆಳೆಯುತ್ತದೆ. ಚಿಕಿತ್ಸಕನು ಮೊದಲು ತನ್ನ ಮನಸ್ಸನ್ನು ಶೋಧಿಸಿಕೊಳ್ಳಬೇಕೆಂದು ಫ್ರಾಯ್ಡ್ ಅವರು 1910ರಲ್ಲಿ ಹೇಳಿದುದು ಇದಕ್ಕಾಗಿಯೇ. ಮುಂದೆ ಅವರ ಸಂಪ್ರದಾಯದವರು, ಕಲಿಯುವವನು ನುರಿತ ಚಿಕಿತ್ಸಕನ ಮುಂದೆ ತಾನೇ ರೋಗಿಯಂತೆ ಕುಳಿತು ತನ್ನನ್ನು ಅರಿತುಕೊಳ್ಳಬೇಕೆಂದು ನಿಯಮಿಸಿದರು.

ಹಾಗಾದರೆ ಪರರ ನೋವಿಗೆ ಕರಗಿದರೆ ಸಾಕೇ? ಇಲ್ಲಿ ಸೂಕ್ಷ್ಮವಾದೊಂದು ವಿವೇಕವು ಬೇಕು. ಪ್ರಿಯನು ನೋವನ್ನು ಅನುಭವಿಸುತ್ತಿರುವನೆಂದು ತಿಳಿದಾಗ, ಸ್ವಂತ ನೋವಿನಲ್ಲಿ ಎಚ್ಚರಗೊಳ್ಳುವ ಮಿದುಳಿನ ಕೆಲವು ಭಾಗಗಳು ಪ್ರಿಯೆಯಲ್ಲಿಯೂ ಎಚ್ಚರಗೊಳ್ಳುತ್ತವೆಂದು ತಾನಿಯಾ ಸಿಂಗರ್ ಅವರು 2004ರಲ್ಲಿ ತೋರಿಸಿದರು. ಅನಂತರ ಅವರೂ ಓಲ್ಗಾ ಕ್ಲಿಮೆಕಿ ಅವರೂ ಮತ್ತಿತರರೊಡನೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಬೋಧಪ್ರದವಾದುದು. ಪರರ ನೋವನ್ನು ತಮ್ಮದಾಗಿ ಅನುಭವಿಸುವುದನ್ನು ಅಭ್ಯಾಸಮಾಡಿದವರಲ್ಲಿ ಸಂಕಟವೇ ಹೆಚ್ಚಿತು. ಅವರೇ ಬಳಿಕ ಕರುಣೆಯನ್ನು, ಎಂದರೆ ನೊಂದವನಿಗೆ ಹಿತವಾಗಲೆಂಬ ಭಾವವನ್ನು, ಅಭ್ಯಾಸಮಾಡಲು ಸಂಕಟವು ಇಳಿದು ಪ್ರಸನ್ನತೆಯು ಮರಳಿತು; ಮಿದುಳಿನಲ್ಲಿ ಎಚ್ಚರಗೊಂಡ ಭಾಗಗಳೂ ಬೇರೆಯಾದವು. ಹೊಳೆಯಲ್ಲಿ ಮುಳುಗುತ್ತಿರುವವನೊಡನೆ ತಾನೂ ಮುಳುಗುವುದು ಸ್ನೇಹವಿರಬಹುದು, ರಕ್ಷಣೆಯಲ್ಲ. ದಡದಲ್ಲಿ ಕಾಲೂರಿ ಕೈಚಾಚುವುದು ಕರುಣೆ. ಅದು ಅಭ್ಯಾಸಸಾಧ್ಯವೆಂಬುದೇ ಚಿಕಿತ್ಸಕನಿಗೆ ಭರವಸೆಯ ಮಾತು.

ತನ್ನನ್ನು ಪೂರ್ಣವಾಗಿ ಅರಿತವನು ಲೋಕದಲ್ಲಿ ಯಾರಿರುವನು, ಹಾಗಾದರೆ ಯಾರೂ ಚಿಕಿತ್ಸಕರಾಗಲಾರರಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಉತ್ತರವನ್ನು ಹಸುಗೂಸು ಕೊಡುತ್ತದೆ. ತಾಯಿಯು ತುಸು ಹೊತ್ತು ಮುಖವನ್ನು ಭಾವಶೂನ್ಯವಾಗಿರಿಸಿಕೊಂಡರೆ ಕೂಸು ಮೊದಲು ನಗುತ್ತ ಅವಳನ್ನು ಕರೆದು, ಫಲಿಸದಿರಲು ಮುಖ ತಿರುಗಿಸಿ ಮುದುಡುವುದನ್ನು ಎಡ್ವರ್ಡ್ ಟ್ರೋನಿಕ್ ಮತ್ತು ಸಂಗಡಿಗರು 1978ರಲ್ಲಿ ವರ್ಣಿಸಿದರು. ಒಳ್ಳೆಯ ತಾಯಿಮಕ್ಕಳಲ್ಲಿಯೂ ತಾಳವು ಪದೇ ಪದೇ ತಪ್ಪುತ್ತದೆ, ತಪ್ಪಿದುದು ಮರಳಿ ಕೂಡುತ್ತದೆ, ಆ ಮರುಕೂಟದಿಂದಲೇ ಮಗುವಿನ ಧೈರ್ಯವು ಬೆಳೆಯುತ್ತದೆ ಎಂದು ಅವರು ಮುಂದೆ ಪ್ರತಿಪಾದಿಸಿದರು. ಚಿಕಿತ್ಸಕನಿಂದ ಬೇಕಾದುದೂ ಇಷ್ಟೇ: ತಪ್ಪದಿರುವಿಕೆಯಲ್ಲ, ತಪ್ಪಿದುದನ್ನು ಕಾಣುವ ಕಣ್ಣು ಮತ್ತು ಮರಳಿ ಬರುವ ಮನಸ್ಸು.

ಮಿದುಳಿನ ಚಿತ್ರವು ‘ಹೀಗಾಗುತ್ತದೆ’ ಎಂದು ತಿಳಿಸಬಲ್ಲುದೇ ಹೊರತು ‘ಹೀಗಿರಬೇಕು’ ಎಂದು ವಿಧಿಸಲಾರದು. ಆದರೂ ಒಬ್ಬನ ಒಳಗಣ ಕಲಕು ಎದುರಿನವನನ್ನು ನಿಜವಾಗಿ ತಟ್ಟುತ್ತದೆಂದು ತಿಳಿದ ಮೇಲೆ, ಆತ್ಮಶೋಧನೆಯು ಚಿಕಿತ್ಸಕನ ಖಾಸಗಿ ಅಲಂಕಾರವಾಗಿ ಉಳಿಯುವುದಿಲ್ಲ. ನೊಂದವನಿಗೆ ಅವನು ಸಲ್ಲಿಸಬೇಕಾದ ಋಣವಾಗುತ್ತದೆ. ಬೋಧಿಸುವವನಿಗೂ ಮಕ್ಕಳನ್ನು ಸಾಕುವವನಿಗೂ ಈ ಋಣವು ತಪ್ಪಿದ್ದಲ್ಲವೆಂಬುದನ್ನು ವಾಚಕರು ತಾವೇ ಊಹಿಸಿಕೊಳ್ಳಬಹುದು.